ಗಟಾರಕ್ಕೆ ಬಿದ್ದ ಚೆಂಡು

ವಾಸನೆ ಮೊದಲು ಗೊತ್ತಾದದ್ದು ಸುಜಾತಾಳಿಗೆ.

ಮುಂಜಾನೆಯ ಅಭ್ಯಾಸ ನಡೆದಿತ್ತು. ಉಳಿದ ಹುಡುಗಿಯರು ಮೂಗಿಗೆ ಟವೆಲ್ ಹಿಡಿದು ನಕ್ಕರು. ಅಗರಬತ್ತಿ ಹಚ್ಚಿಸಿ ಅಂದಳು ಒಬ್ಬಳು. ಸುಜಾತಾ ನಗಲಿಲ್ಲ. ಚೆಂಡನ್ನು ಎದೆಗೆ ಒತ್ತಿಕೊಂಡು ನಿಂತಳು. ಇದು ಬರೀ ಹೇಲಿನ ವಾಸನೆಯಲ್ಲ. ಕೊಳೆತ ತತ್ತಿಯ ವಾಸನೆ. ಪಾಯಖಾನೆಯ ಚೇಂಬರು ಕಟ್ಟಿಕೊಂಡು, ನೀರು ನಿಂತು, ಒಳಗೆ ಗ್ಯಾಸು ಕೂತಾಗ ಬರುವ ವಾಸನೆ. ಅವಳು ಹುಟ್ಟಿದ ಓಣಿಯಲ್ಲಿ ಕೂಸುಗಳಿಗೂ ಇದರ ಗುರುತಿದೆ.

ಅವಳ ಅಪ್ಪ ಅರ್ಜುನಪ್ಪ ಹೇಳುತ್ತಿದ್ದ: "ವಾಸನಿ ಬರೂತನಕಾ ಅಂಜಬ್ಯಾಡ. ಬರೂದು ನಿಂತ್ರ ಓಡು." ಆ ಗ್ಯಾಸು ಮೊದಲು ಮೂಗನ್ನು ಕೊಲ್ಲುತ್ತದೆ. ಆಮೇಲೆ ಮನುಷ್ಯನನ್ನು. ಇದೆಲ್ಲ ಗೊತ್ತಿದ್ದ ಅರ್ಜುನಪ್ಪ ಚೇಂಬರಿನಲ್ಲೇ ಸತ್ತ. ಇದೇ ಮಂಡಳದಲ್ಲಿ, ಇದೇ ಅಂಕಣದ ಹಿಂದೆ.

ಮಂಡಳ ಅಂದರೆ ದೇಶಪಾಂಡೆ ನಗರದ ಉದಯ ಕ್ರೀಡಾ ಮಂಡಳ. ಹಳೆಯ ಸಂಸ್ಥೆ. ಒಳಗೆ ಬಾಸ್ಕೆಟ್‌ಬಾಲ್ ಅಂಕಣ, ಸುತ್ತ ಗ್ಯಾಲರಿ, ಗ್ಯಾಲರಿಯ ಹಿಂದೆ ಆಟಗಾರರ ಕೋಣೆ, ಪಾಯಖಾನೆ. ಅದರ ಹಿಂದೆ ಎತ್ತರದ ಗೋಡೆ. ಗೋಡೆಯಾಚೆ ದೊಡ್ಡ ಗಟಾರ. ಗಟಾರದಾಚೆ ಸುಜಾತಾಳ ಓಣಿ. ನಡುವಿನ ದೂರ ಒಬ್ಬ ಹುಡುಗ ಕಲ್ಲು ಒಗೆದರೆ ದಾಟುವಷ್ಟು. ಆ ಓಣಿಯಿಂದ ಈ ಅಂಕಣಕ್ಕೆ ಬರಲು ಸುಜಾತಾಳಿಗೆ ಅರ್ಧ ಆಯುಷ್ಯ ಬೇಕಾಯಿತು.

ಮಂಡಳದಲ್ಲಿ ಒಂದು ರೂಢಿಯಿತ್ತು. ಗೋಡೆ ಹಾರಿ ಗಟಾರಕ್ಕೆ ಬಿದ್ದ ಚೆಂಡು ಮತ್ತೆ ಒಳಗೆ ಬರಬಾರದು. ತೊಳೆದರೂ ಬರಬಾರದು. ಹೊಸ ಚೆಂಡಾಗಿದ್ದರೂ ಅಷ್ಟೇ. ಯಾರೂ ಎಲ್ಲೂ ಬರೆದಿಡದ ಈ ನಿಯಮವನ್ನು ಯಾರೂ ಮುರಿದದ್ದಿಲ್ಲ. ಹಾಗೆ ಬಿದ್ದ ಚೆಂಡುಗಳೆಲ್ಲ ಓಣಿಯ ಪಾಲು. ಅರ್ಜುನಪ್ಪ ಗಟಾರಕ್ಕಿಳಿದು ತರುತ್ತಿದ್ದ. ಫಿನೈಲು ಹಾಕಿ ತಿಕ್ಕುತ್ತಿದ್ದ, ಸೋಪು ಹಾಕಿ ತಿಕ್ಕುತ್ತಿದ್ದ, ಬಿಸಿಲಿಗೆ ಇಡುತ್ತಿದ್ದ. ಕೆಸರೆತ್ತುವ ಕಬ್ಬಿಣದ ಬಕೀಟಿನ ತಳ ಕಿತ್ತು ಲೈಟಿನ ಕಂಬಕ್ಕೆ ಬಡಿದವನೂ ಅವನೇ. ಸುಜಾತಾ ಆ ಬಕೀಟಿಗೆ ಚೆಂಡು ಹಾಕುತ್ತ ಬೆಳೆದಳು. ಬೆಳೆದಳು ಅಂದರೆ ಬರೀ ಬೆಳೆಯಲಿಲ್ಲ. ಅವಳ ಕೈಕಾಲು ನಿಲ್ಲುವುದನ್ನೇ ಮರೆತಿದ್ದವು. ಸಾಲಿಯಲ್ಲಿ ಅವಳನ್ನು ಏಣಿ ಅಂತಲೇ ಕರೆಯುತ್ತಿದ್ದರು.

ಪಾಲಿಕೆ ಸಾಲಿಯ ಇಕ್ಬಾಲ ಮಾಸ್ತರರು ಕಂಬದ ಕೆಳಗೆ ಅವಳ ಆಟ ನೋಡಿದರು. ಕೈ ಹಿಡಿದು ಮಂಡಳದ ಗೇಟಿಗೆ ಕರೆತಂದರು. ಜಾಗವಿಲ್ಲ ಅಂದರು ಮಂಡಳದವರು. ಮರುವರ್ಷವೂ ಜಾಗವಿರಲಿಲ್ಲ. ಅದರ ಮರುವರ್ಷ ಜಿಲ್ಲಾ ಪಂದ್ಯಗಳಲ್ಲಿ ಮಂಡಳದ ಹುಡುಗಿಯರು ಮೂರು ಕಡೆ ಸೋತು ಮನೆಗೆ ಬಂದರು. ಆಗ ಜಾಗವಾಯಿತು. ಎಲ್ಲರಿಗೂ ಸ್ಟೀಲಿನ ಲೋಟ, ಅವಳಿಗೆ ಕಾಗದದ ಕಪ್ಪು. ಸ್ವಚ್ಛತೆಗಾಗಿ ಅಂದರು. ಅವಳು ಆ ಕಪ್ಪಿನಲ್ಲೇ ನೀರು ಕುಡಿದಳು. ಕುಡಿದು ಓಡಿದಳು, ಹಾರಿದಳು, ಬಿದ್ದಳು, ಮೊಣಕೈ ಸುಲಿದುಕೊಂಡಳು. ಮಂಡಳಕ್ಕೆ ಕಪ್ಪುಗಳು ಬಂದವು. ಬೆಳ್ಳಿಯವು, ಅವಳು ಗೆದ್ದು ತಂದವು. ಅವನ್ನು ಗಾಜಿನ ಕಪಾಟಿನಲ್ಲಿಟ್ಟರು.

ಆಮೇಲೆ ಹೈದರಾಬಾದಿನ ಕಚೇರಿ ತಂಡ. ಆಮೇಲೆ ದೇಶದ ಜರ್ಸಿ. ಆಮೇಲೆ ಥಾಯ್ಲೆಂಡಿನ ಕ್ಲಬ್ಬಿನಲ್ಲಿ ಒಂದು ಹಂಗಾಮು. ಬಾಸ್ಕೆಟ್‌ಬಾಲ್ ಆಡಿಯೇ ಹೊಟ್ಟೆ ಹೊರೆಯುವ ಹೆಂಗಸರು ಈ ದೇಶದಲ್ಲಿ ಎಷ್ಟಿದ್ದಾರೆ? ಅವರಲ್ಲಿ ಸುಜಾತಾ ಒಬ್ಬಳು. ಜರ್ಸಿ ಬಂದ ದಿನ ಹುಬ್ಬಳ್ಳಿಯ ಸರ್ಕಲ್ಲಿನಲ್ಲಿ ಮಂಡಳದವರು ಬ್ಯಾನರ್ ಕಟ್ಟಿದರು. ‘ನಮ್ಮ ಮಂಡಳದ ಹೆಮ್ಮೆಯ ಮಗಳು’. ಮಗಳಾಗುವುದಕ್ಕೆ ಎಷ್ಟು ಎತ್ತರ ಹಾರಬೇಕು ನೋಡಿ.

ಈಗ ಹೊಸ ಲೀಗ್ ಶುರುವಾಗಿದೆ. ಊರಿಗೊಂದು ತಂಡ, ಟೀವಿಯಲ್ಲಿ ನೇರ ಪ್ರಸಾರ. ಹುಬ್ಬಳ್ಳಿ ತಂಡವನ್ನು ಕೊಂಡವನು ಸೌರಭ. ಮಂಡಳದ ಕಾರ್ಯದರ್ಶಿ ವೆಂಕಣ್ಣನವರ ಅಣ್ಣನ ಮಗ. ಸುಜಾತಾಳನ್ನು ನಾಯಕಿ ಮಾಡಿದ. ಇವತ್ತು ಸಂಜೆ ತವರಿನ ಮೊದಲ ಪಂದ್ಯ. ಪಂದ್ಯ ಮುಗಿದ ಮೇಲೆ ವೇದಿಕೆಯ ಮೇಲೆ, ಕ್ಯಾಮೆರಾ ಮುಂದೆ, ಅವಳ ಕರಾರಿಗೆ ಸಹಿ. ಎರಡು ವರ್ಷ ಆಟ, ಆಮೇಲೆ ಇದೇ ಮಂಡಳದಲ್ಲಿ ತರಬೇತುದಾರಳ ಕೆಲಸ. ಅವಳಿಗೆ ಮೂವತ್ತು ಹತ್ತಿರ. ಬಲ ಮೊಣಕಾಲು ಕೆಲವು ತಿಂಗಳಿಂದ ಮಾತು ಕೇಳುತ್ತಿಲ್ಲ. ಅದು ಯಾರಿಗೂ ಗೊತ್ತಿಲ್ಲ. ಉದ್ದನೆಯ ಬಿಗಿ ಚೊಣ್ಣದ ಕೆಳಗೆ ಪಟ್ಟಿ ಸುತ್ತಿ, ಗುಳಿಗೆ ನುಂಗಿ ಆಡುತ್ತಾಳೆ. ಮೊಣಕಾಲಿನ ಸುದ್ದಿ ಹೊರಬಿದ್ದರೆ ಕರಾರಿಲ್ಲ. ಕರಾರಿಲ್ಲದಿದ್ದರೆ ಮತ್ತೆ ಗೋಡೆಯಾಚೆ.

ಅಭ್ಯಾಸ ಬಿಟ್ಟು ಅವಳು ವೆಂಕಣ್ಣನವರ ಹತ್ತಿರ ಹೋದಳು. ವೆಂಕಣ್ಣನವರು ನಿವೃತ್ತ ಪ್ರಾಧ್ಯಾಪಕರು. ಸಂಗೀತ ಬಲ್ಲವರು. ಅವರ ಬಾಯಿಂದ ಒಂದು ಬಿರುಸು ಮಾತು ಯಾರೂ ಕೇಳಿಲ್ಲ. ಸಿಟ್ಟು ಬಂದಷ್ಟೂ ಅವರ ದನಿ ಮೆತ್ತಗಾಗುತ್ತದೆ. ಅವರು ಅಂಕಣದ ತುದಿಯಲ್ಲಿ ನಿಂತು ವೇದಿಕೆಗೆ ಕೆಂಪು ಜಮಖಾನೆ ಹಾಸಿಸುತ್ತಿದ್ದರು.

ಪಾಯಖಾನೆಯ ಹಿಂದಿನ ಚೇಂಬರು ತುಂಬಿದೆ ಅಂದಳು ಸುಜಾತಾ. ಗೊತ್ತದ, ಚೇಂಬರು ತೊಳಿಯೂ ಜೆಟ್ಟಿಂಗ್ ಗಾಡಿಗೆ ಹೇಳೇವಿ, ಬರ್ತದ ಅಂದರು ಅವರು. ಗಾಡಿ ಎಲ್ಲಿಂದ ಬರುತ್ತದೆ, ಹಿಂದಿನ ಸಂದಿಯಲ್ಲಿ ಟೀವಿಯವರ ಲಾರಿ ನಿಂತಿದೆಯಲ್ಲ ಅಂದಳು ಅವಳು. ಅವರು ಹಾಸುವ ಹುಡುಗರ ಕಡೆ ತಿರುಗಿದರು.

"ಕೆಳಗಿನ ಮುಚ್ಚಳದ ಮ್ಯಾಲೆ ಸ್ಟೇಜ್ ಹಾಕೀರಿ ಕಾಕಾ."

ವೆಂಕಣ್ಣನವರು ಜಮಖಾನೆಯ ಮಡಿಕೆ ಸರಿ ಮಾಡಿಸಿದರು. ಚೇಂಬರಿಗೆ ಎರಡು ಮುಚ್ಚಳ. ಒಂದು ಮೇಲೆ, ಪಾಯಖಾನೆಯ ಹಿಂದೆ. ಇನ್ನೊಂದು ಕೆಳಗೆ, ಇಳಿಜಾರಿನ ತುದಿಗೆ, ಈಗ ವೇದಿಕೆ ನಿಂತಲ್ಲಿ. ಎರಡನ್ನೂ ತೆಗೆದು ಗಂಟೆಗಟ್ಟಲೆ ಬಿಟ್ಟರೆ ಗಾಳಿ ಆಡುತ್ತದೆ. ಒಂದೇ ತೆಗೆದರೆ ಒಳಗೆ ಸಾವು ಕೂತಿರುತ್ತದೆ. ಇದು ಓಣಿಗೆ ಗೊತ್ತು. ವೆಂಕಣ್ಣನವರಿಗೂ ಗೊತ್ತು. ಏಳು ವರ್ಷದ ಹಿಂದೆ ಅರ್ಜುನಪ್ಪ ಇಳಿದ ದಿನವೂ ಕೆಳಗಿನ ಮುಚ್ಚಳದ ಮೇಲೆ ಗಣ್ಯರ ಸೋಫಾ ಇತ್ತು.

"ಯಾರನ್ನೂ ಇಳಿಸಬ್ಯಾಡ್ರಿ" ಅಂದಳು.

"ಇಳಸೂದು ಕಾಯ್ದೆ ಪ್ರಕಾರ ತಪ್ಪು ಅದ ಸುಜಾತಾ. ನಮಗ ಗೊತ್ತಿಲ್ಲೇನು? ನೀ ಆಟದ ಮ್ಯಾಲೆ ಲಕ್ಷ್ಯ ಕೊಡವಾ."

ಹೌದು, ಕಾಯ್ದೆ ಎಲ್ಲರಿಗೂ ಗೊತ್ತು. ಅದಕ್ಕೇ ಯಾರೂ ಇಳಿ ಅನ್ನುವುದಿಲ್ಲ. ‘ಸ್ವಲ್ಪ ನೋಡು’ ಅನ್ನುತ್ತಾರೆ. ಅರ್ಜುನಪ್ಪ ಆಯುಷ್ಯವಿಡೀ ಸ್ವಲ್ಪ ನೋಡಿದ. ಬರೀ ಚಡ್ಡಿಯಲ್ಲಿ, ಬಾಯಲ್ಲಿ ತಂಬಾಕು ಒತ್ತಿಕೊಂಡು, ಎದೆಗೆ ಹಗ್ಗ ಬಿಗಿದುಕೊಂಡು ನೋಡಿದ. ಕೊರಳ ತನಕ ಹೇಲಿನಲ್ಲಿ ನಿಂತು, ಕಾಲಿನಿಂದ ಪೈಪಿನ ಬಾಯಿ ತಡವಿ ನೋಡಿದ. ಮೇಲೆ ಬಂದಾಗ ಕೆಲಸ ಮಾಡಿಸಿದ ಮನೆಯವರು ಬಾಗಿಲ ಒಳಗಿನಿಂದ ನೀರು ಎರಚುತ್ತಿದ್ದರು. ಕೊನೆಯ ಸಲ ನೋಡಲು ಇಳಿದವನು ಮೇಲೆ ಬರಲಿಲ್ಲ. ಹೃದಯಾಘಾತ ಅಂದರು. ನಮ್ಮವರ ಹೃದಯ ಚೇಂಬರಿನೊಳಗೇ ಯಾಕೆ ನಿಲ್ಲುತ್ತದೋ, ಅದನ್ನು ಯಾವ ಡಾಕ್ಟರೂ ಹೇಳಿಲ್ಲ.

ಅವತ್ತು ಸುಜಾತಾ ಹೈದರಾಬಾದಿನಲ್ಲಿ ಫೈನಲ್ ಆಡುತ್ತಿದ್ದಳು. ಸುದ್ದಿ ಮಧ್ಯಾಹ್ನವೇ ಬಂದಿತ್ತು. ಪಂದ್ಯ ಮುಗಿಯುವ ತನಕ ಅವಳಿಗೆ ಯಾರೂ ಹೇಳಲಿಲ್ಲ. ಅವಳು ಹಾರಿ ಹಾರಿ ಬುಟ್ಟಿಗೆ ಹಾಕಿದಳು, ಗೆದ್ದಳು, ಕಪ್ಪನ್ನು ತಲೆಯ ಮೇಲೆತ್ತಿ ನಕ್ಕಳು. ಆ ನಗುವಿನ ಫೋಟೋ ಪೇಪರಿನಲ್ಲಿ ಬಂತು. ಇತ್ತ ಮಂಡಳದಲ್ಲೂ ಪಂದ್ಯ ನಿಲ್ಲಲಿಲ್ಲ. ಅರ್ಜುನಪ್ಪನನ್ನು ಹಿಂದಿನ ಬಾಗಿಲಿನಿಂದ ಒಯ್ದರು. ಮುಂದಿನ ಬಾಗಿಲಲ್ಲಿ ಅತಿಥಿಗಳಿಗೆ ಹಾರ ಹಾಕುತ್ತಿದ್ದರು. ಅಪ್ಪನನ್ನು ಮಣ್ಣು ಮಾಡಿ ಬಂದ ದಿನ ಸುಜಾತಾ ತಮ್ಮ ಲೋಹಿತನ ತಲೆಯ ಮೇಲೆ ಕೈಯಿಟ್ಟಿದ್ದಳು. ನಮ್ಮ ಮನೆಯವರು ಇನ್ನು ಯಾರೂ ಇಳಿಯುವುದಿಲ್ಲ. ಲೋಹಿತ ಹೂಂ ಅಂದಿದ್ದ.

ಮಧ್ಯಾಹ್ನ ಅವಳು ಓಣಿಗೆ ಹೋದಳು. ಅವ್ವ ಕಸ್ತೂರೆವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರು, ನಡುವೆ ಅರ್ಜುನಪ್ಪ. ಸಂಜೆಯ ಪಂದ್ಯಕ್ಕೆ ಅವ್ವನಿಗೆ ಪಾಸು ಬಂದಿತ್ತು. ಗಣ್ಯರ ಸಾಲಿನಲ್ಲಿ ಖುರ್ಚಿ. ಅವಳು ಇಳಕಲ್ ಸೀರೆಯನ್ನು ಮಡಿಸಿ ಹಾಸಿಗೆಯ ಕೆಳಗಿಟ್ಟು ಇಸ್ತ್ರಿ ಮಾಡಿಕೊಂಡಿದ್ದಳು. ಲೋಹಿತ ಎಲ್ಲಿ ಅಂದಳು ಸುಜಾತಾ. ಅಮರಗೋಳದ ಮಾರ್ಕೆಟ್ಟಿನಲ್ಲಿ ಈರುಳ್ಳಿ ಲಾರಿ ಖಾಲಿ ಮಾಡುವುದಿದೆಯಂತೆ, ಮುಗಿಸಿ ಸೀದಾ ಆಟಕ್ಕೇ ಬರುತ್ತಾನಂತೆ ಅಂದಳು ಅವ್ವ. ಹೋಗುವಾಗ ಭಾಳ ಖುಷಿಯಲ್ಲಿದ್ದ ಅಂತಲೂ ಹೇಳಿದಳು.

ಸುಜಾತಾ ಅರ್ಧ ರೊಟ್ಟಿ ತಿಂದು ಎದ್ದಳು. ಬಾಗಿಲ ಹಿಂದಿನ ಗೂಟವನ್ನು ಅವಳು ನೋಡಲಿಲ್ಲ. ನೋಡಬೇಕಾಗಿತ್ತು. ಅರ್ಜುನಪ್ಪನ ಹಗ್ಗ ಏಳು ವರ್ಷದಿಂದ ಅಲ್ಲೇ ತೂಗುತ್ತಿತ್ತು. ಕಸ್ತೂರೆವ್ವ ಅದನ್ನು ಎಸೆಯಲೂ ಇಲ್ಲ, ಮುಟ್ಟಲೂ ಇಲ್ಲ. ಅವತ್ತು ಗೂಟ ಖಾಲಿಯಿತ್ತು.

ಸಂಜೆ ದೀಪಗಳು ಹತ್ತಿದವು. ಗ್ಯಾಲರಿ ತುಂಬಿತು. ಗಣ್ಯರು ವೇದಿಕೆಯ ಮೇಲೆ ಕೂತರು. ಅವರ ಕಡೆಗೆ ದೊಡ್ಡ ಫ್ಯಾನುಗಳನ್ನು ತಿರುಗಿಸಿಟ್ಟಿದ್ದರು, ಫ್ಯಾನಿಗೆ ಗುಲಾಬಿ ನೀರು ಹೊಡೆದಿದ್ದರು. ಗೇಟಿನ ಹತ್ತಿರ ಅಂಬುಲೆನ್ಸ್ ನಿಂತಿತ್ತು. ಅದು ಲೀಗಿನ ನಿಯಮ. ಅಂಬುಲೆನ್ಸ್ ಇಲ್ಲದೆ ಪಂದ್ಯ ನಡೆಯುವಂತಿಲ್ಲ.

ಗುಲಾಬಿಯ ಒಳಗಿಂದಲೂ ಆ ವಾಸನೆ ಬರುತ್ತಿತ್ತು. ಇನ್ನೂ ಬರುತ್ತಿದೆಯಲ್ಲ ಅಂತ ಸುಜಾತಾ ಸಮಾಧಾನ ಮಾಡಿಕೊಂಡಳು. ಆಡಿದಳು. ಎದುರು ತಂಡದ ಹುಡುಗಿಯರು ಅವಳ ಪಕ್ಕೆಗೆ ಮೊಣಕೈ ಇಟ್ಟರು, ಹೆಗಲಿಗೆ ಹೆಗಲು ಹೊಡೆದರು. ಬುಟ್ಟಿಯ ಕೆಳಗೆ ಅವಳು ಗೂಟದಂತೆ ನಿಂತಳು. ಹಾರಿ ಇಳಿದಾಗಲೆಲ್ಲ ಮೊಣಕಾಲಿನಲ್ಲಿ ಬೆಂಕಿ ಬಿತ್ತು. ಹಲ್ಲು ಕಚ್ಚಿದಳು. ಜನ ಅವಳ ಹೆಸರು ಕೂಗಿದರು. ಈ ಜನರಲ್ಲಿ ಎಷ್ಟು ಮಂದಿ ಅವಳ ಮನೆಯಲ್ಲಿ ಚಹಾ ಕುಡಿದಾರು ಅಂತ ಅವಳು ಯೋಚಿಸಲಿಲ್ಲ. ಆ ಯೋಚನೆ ನನ್ನದು.

ಅರ್ಧ ಆಟ ಮುಗಿದು ವಿರಾಮವಾಯಿತು. ಹುಬ್ಬಳ್ಳಿ ಮುಂದಿತ್ತು. ಪಂದ್ಯದ ಚೆಂಡನ್ನು ಪುಟಿಸುತ್ತ ಅವಳು ನೀರಿಗೆಂದು ಗ್ಯಾಲರಿಯ ಕಟಾಂಜನದ ಹತ್ತಿರ ಬಂದಳು. ಅಲ್ಲಿ ಕಸ್ತೂರೆವ್ವ ನಿಂತಿದ್ದಳು. ಇಳಕಲ್ ಸೀರೆ ಉಟ್ಟಿರಲಿಲ್ಲ. ರೊಟ್ಟಿ ಬಡಿಯುವಾಗಿನ ಹಳೇ ಸೀರೆಯಲ್ಲೇ ಓಡಿ ಬಂದಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ.

"ಗೂಟದಾಗಿನ ಹಗ್ಗ ಇಲ್ಲವಾ."

ಸುಜಾತಾ ಓಡಿದಳು. ಕೈಯಲ್ಲಿ ಚೆಂಡಿತ್ತು, ಬಿಡುವುದು ಮರೆತಿತ್ತು. ಗ್ಯಾಲರಿಯ ಸಂದಿಯಲ್ಲಿ ನುಗ್ಗಿ, ಆಟಗಾರರ ಕೋಣೆ ದಾಟಿ, ಪಾಯಖಾನೆಯ ಹಿಂದೆ ಬಂದಳು. ಅಲ್ಲೊಂದು ಪರದೆ ಕಟ್ಟಿದ್ದರು. ಪರದೆಯ ಮೇಲೆ ಅವಳದೇ ಚಿತ್ರ, ಬುಟ್ಟಿಗೆ ಹಾರುತ್ತಿರುವುದು. ಅದನ್ನು ಸರಿಸಿದಳು. ಮೇಲಿನ ಮುಚ್ಚಳ ತೆರೆದಿತ್ತು. ಪಕ್ಕದಲ್ಲಿ ಲೋಹಿತನ ಚಪ್ಪಲಿ, ಮಡಚಿಟ್ಟ ಅಂಗಿ. ಗುತ್ತಿಗೆಯ ಮೇಸ್ತ್ರಿ ಶಾಂತಯ್ಯ ಹಗ್ಗದ ತುದಿ ಹಿಡಿದು ಕುಕ್ಕುರುಗಾಲಲ್ಲಿ ಕೂತಿದ್ದ. ವೆಂಕಣ್ಣನವರು ತುಸು ದೂರದಲ್ಲಿ ಕರವಸ್ತ್ರ ಹಿಡಿದು ನಿಂತಿದ್ದರು.

ಒಳಗಿನಿಂದ ಬಿದಿರಿನ ಗಳ ಕುಟ್ಟುವ ಸದ್ದು ಬರುತ್ತಿತ್ತು. ಅವಳು ಬಗ್ಗಿ ಕೂಗಿದಳು. ಕುಟ್ಟುವುದು ನಿಂತಿತು. ಕೆಳಗಿನ ಕತ್ತಲಿಂದ ತಮ್ಮ ತಲೆಯೆತ್ತಿದ. ಸೊಂಟದ ತನಕ ಕಪ್ಪು ನೀರು.

"ಮ್ಯಾಲೆ ಬಾ."

"ಅಕ್ಕಾ, ನೀ ಹೋಗಿ ಆಡು. ಇದೊಂದು ಸಲಾ. ಗ್ರೌಂಡ್‌ಮನ್ ಕೆಲಸಾ ಕೊಡ್ತಾರ. ಪರ್ಮನೆಂಟ್. ಸೌರಭ ಸಾಹೇಬ್ರು ಮಾತು ಕೊಟ್ಟಾರ." ಅವನ ದನಿಯಲ್ಲಿ ಇನ್ನೂ ಆ ಖುಷಿಯಿತ್ತು. "ನೀ ಕೋಚ್, ನಾ ಗ್ರೌಂಡ್‌ಮನ್. ಇನ್ನ ಯಾರೂ ಇಳಿಯೂದು ಬ್ಯಾಡಕ್ಕಾ."

ಹೊರಗಿರಲಿಕ್ಕೆಂದು ಒಳಗಿಳಿದಿದ್ದ. ಅಕ್ಕನಿಗೆ ಹೇಳಿದರೆ ತಡೆಯುತ್ತಾಳೆ ಎಂದು ಅಮರಗೋಳದ ಸುಳ್ಳು ಹೇಳಿದ್ದ. ಮಾತು ಮುಗಿಸಿ ಗಳವನ್ನು ಇನ್ನೊಮ್ಮೆ ಜೋರಾಗಿ ನೂಕಿದ. ಒಳಗೆ ಏನೋ ಕಳಚಿತು. ನೀರು ಗುಡುಗುಡು ಸದ್ದು ಮಾಡುತ್ತ ಇಳಿಯತೊಡಗಿತು. ಹರೀತು ಅಂದ ಶಾಂತಯ್ಯ, ನಕ್ಕ.

ಸುಜಾತಾಳಿಗೆ ಒಂದು ಉಸಿರಿನಲ್ಲಿ ವಾಸನೆ ಬಡಿಯಿತು. ಮುಂದಿನ ಉಸಿರಿನಲ್ಲಿ ಬರಲಿಲ್ಲ.

ಅವಳು ಚೆಂಡನ್ನು ಗೋಡೆಗೆ ಎಸೆದು ಹಗ್ಗಕ್ಕೆ ಕೈ ಹಾಕಿದಳು. ಕೆಳಗೆ ಲೋಹಿತನ ತಲೆ ಎದೆಗೆ ಬಿದ್ದಿತ್ತು. ಮೊಣಕಾಲು ಮಡಚಿ ಅವನು ಮೆಲ್ಲಗೆ ಕೂರುತ್ತಿದ್ದ, ದಣಿದವನು ಕಟ್ಟೆಯ ಮೇಲೆ ಕೂರುವ ಹಾಗೆ. ಎಳಿ ಅಂದಳು. ಶಾಂತಯ್ಯನ ಕೈಯಿಂದ ಹಗ್ಗ ಜಾರುತ್ತಿತ್ತು. ಅವನನ್ನು ನೂಕಿ ತಾನೇ ಎಳೆದಳು. ಬಲಗಾಲು ಚೇಂಬರಿನ ಕಟ್ಟೆಗೆ ಒತ್ತಿ ಇಡೀ ಮೈಯಿಂದ ಎಳೆದಳು. ಮೊಣಕಾಲಿನೊಳಗೆ ಏನೋ ಹರಿಯಿತು, ಸದ್ದು ಅವಳಿಗೇ ಕೇಳಿಸಿತು. ಬಿಡಲಿಲ್ಲ. ತಮ್ಮ ಚೇಂಬರಿನ ಬಾಯಿಯ ಹತ್ತಿರ ಬಂದಾಗ ಅವನ ಭುಜ ಸಿಕ್ಕಿಕೊಂಡಿತು. ಅವಳು ಉಸಿರು ಕಟ್ಟಿ ಹೊಟ್ಟೆಯ ಮೇಲೆ ಮಲಗಿ, ಆ ಉದ್ದನೆಯ ಕೈ ಕೆಳಗಿಳಿಸಿ, ಕಂಕುಳಿಗೆ ಹಾಕಿ ಎತ್ತಿದಳು. ಬುಟ್ಟಿ ಮುಟ್ಟುವ ಕೈ. ದೇಶದ ಜರ್ಸಿ ತೊಟ್ಟ ಕೈ. ಕಸ್ತೂರೆವ್ವ ಬಂದು ಮಗನ ತಲೆ ಹಿಡಿದಳು. ಇಬ್ಬರೂ ಸೇರಿ ಹೊರಗೆ ಹಾಕಿದರು.

ಅವನ ಬಾಯಿಂದ ಕಪ್ಪು ನೀರು ಬಂತು. ತುಟಿ ನೀಲಿಗಟ್ಟಿತ್ತು. ಎದೆ ಎದ್ದಿತು, ನಿಂತಿತು, ಮತ್ತೆ ಎದ್ದಿತು. ಜೀವ ಇತ್ತು.

ಅಂಬುಲೆನ್ಸ್ ಅಂತ ಕೂಗಿದಳು ಸುಜಾತಾ. ಕೂಗು ಗೇಟಿಗೆ ಮುಟ್ಟಿತು. ಚಾಲಕ ನವಾಜ ತನ್ನ ಸಣ್ಣ ಗಾಡಿಯನ್ನು ಟೀವಿಯವರ ಲಾರಿಯ ಪಕ್ಕದಿಂದ ನುಗ್ಗಿಸಿ ಹಿಂದಕ್ಕೆ ತಂದು ನಿಲ್ಲಿಸಿ ಹಾರಿಳಿದ. ಅಷ್ಟರಲ್ಲಿ ಸೌರಭ ಬಂದ. ಕೊರಳಲ್ಲಿ ಗುರುತಿನ ಚೀಟಿ, ಕಿವಿಯಲ್ಲಿ ಫೋನು. ಗಾಡಿಯ ಬಾಗಿಲಿಗೆ ಕೈ ಅಡ್ಡ ಇಟ್ಟ.

"ಇದು ಪ್ಲೇಯರ್ಸ್ ಸಲುವಾಗಿ ಅದ ಸುಜಾತಾ. ಇದು ಹೋದ್ರ ಮ್ಯಾಚ್ ನಿಲ್ಲಸಬೇಕಾಗ್ತದ. ಲೈವ್ ನಡದದ. ಬ್ಯಾರೆ ಗಾಡಿಗೆ ಹೇಳೇನಿ, ಹತ್ತ ನಿಮಿಷ."

ನವಾಜ ಸುಜಾತಾಳ ಮುಖ ನೋಡಿದ. ಅವನ ಕೆಲಸವೂ ಸೌರಭನ ಕೈಯಲ್ಲಿತ್ತು. ಆಟಗಾರರನ್ನು ಬಿಟ್ಟು ಯಾರನ್ನೂ ಹತ್ತಿಸಬೇಡ ಅಂತ ಮುಂಜಾನೆಯೇ ತಾಕೀತು ಮಾಡಿದ್ದರು ಅಂತ ಅವನು ತಲೆ ತಗ್ಗಿಸಿ ಹೇಳಿದ. ಅಂಕಣದಲ್ಲಿ ಸೀಟಿ ಊದಿದರು. ಆಟಗಾರರನ್ನು ಕರೆಯುವ ಸೀಟಿ. ವೆಂಕಣ್ಣನವರು ಅವಳ ಹತ್ತಿರ ಬಂದರು. ದನಿ ಇನ್ನಷ್ಟು ಮೆತ್ತಗಾಗಿತ್ತು. ಉಸಿರು ಅದ, ದೇವರ ದಯೆ, ನಾವೆಲ್ಲ ಇದ್ದೇವಿ, ನೀನು ಆಡಿ ಬಾ ಅಂದರು. ಸಹಿಯ ಮಾತನ್ನೂ ನೆನಪಿಸಿದರು.

ಅಪ್ಪ ಸತ್ತ ದಿನ ಅವಳು ಆಡಿದ್ದಳು. ಗೊತ್ತಿಲ್ಲದೆ ಆಡಿದ್ದಳು. ಈಗ ಗೊತ್ತಿದ್ದೂ ಆಡು ಅನ್ನುತ್ತಿದ್ದಾರೆ.

ಸುಜಾತಾ ಬಗ್ಗಿ ಬಿಗಿ ಚೊಣ್ಣವನ್ನು ಮೊಣಕಾಲಿನ ತನಕ ಹರಿದಳು. ಒಳಗೆ ಸುತ್ತಿದ್ದ ಪಟ್ಟಿ ಕಂಡಿತು. ಅದನ್ನೂ ಬಿಚ್ಚಿ ಒಗೆದಳು. ಮೊಣಕಾಲು ಕುಂಬಳಕಾಯಿಯಂತೆ ಬಾತಿತ್ತು. ಪರದೆಯ ಸಂದಿಯಿಂದ ಒಂದು ಕ್ಯಾಮೆರಾ ಇಣುಕುತ್ತಿತ್ತು. ಅವಳು ಅದರ ಕಡೆಗೇ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದಳು.

"ನಾ ಪ್ಲೇಯರ್. ನನ್ನ ಮೊಣಕಾಲು ಹೋಗೇತಿ. ಇವತ್ತಿಂದಲ್ಲ, ಆರು ತಿಂಗಳಾತು. ಮುಚ್ಚಿಟ್ಟಿದ್ದೆ. ಇನ್ನ ಆಡೂದಿಲ್ಲ. ಈಗ ಗಾಡಿ ನಂದು. ಕೈ ತಗೀರಿ ಸೌರಭ."

ಸೌರಭನ ಕೈ ತಾನಾಗಿ ಇಳಿಯಿತು. ಅವನು ಮೊಣಕಾಲನ್ನು ನೋಡುತ್ತಿದ್ದ. ನೆಲದ ಮೇಲೆ ಬಿದ್ದವನನ್ನು ಅವನು ಅಲ್ಲಿಯ ತನಕ ಒಂದು ಸಲವೂ ನೋಡಿರಲಿಲ್ಲ. ನವಾಜ ಸ್ಟ್ರೆಚರ್ ಎಳೆದ. ಹೇಲು ಮೆತ್ತಿದ ಮೈಯನ್ನು ತಬ್ಬಿ ಎತ್ತಿದ. ಲೋಹಿತನ ಮೂಗಿಗೆ ಆಕ್ಸಿಜನ್ ಹಚ್ಚಿದ. ಕಸ್ತೂರೆವ್ವ ಮಗನ ಎದೆಯ ಹಗ್ಗದ ಗಂಟು ಬಿಚ್ಚಿದಳು. ಅವಳ ಗಂಡ ಹಾಕುತ್ತಿದ್ದ ಗಂಟೇ ಅದು. ಹಗ್ಗವನ್ನು ಕೈಯಲ್ಲಿ ಹಿಡಿದುಕೊಂಡು ನಿಂತಳು.

ಸುಜಾತಾ ಕುಂಟುತ್ತ ಗಾಡಿಯ ಕಡೆ ಹೋದಳು. ದಾರಿಯಲ್ಲಿ ಗೋಡೆಯ ಬುಡದಲ್ಲಿ ಚೆಂಡು ಬಿದ್ದಿತ್ತು. ಎತ್ತಿಕೊಂಡಳು. ಮುಖ್ಯ ಅತಿಥಿ ಸಹಿ ಹಾಕಬೇಕಿದ್ದ ಚೆಂಡು. ಒಂದು ಸಲ ಪುಟಿಸಿದಳು. ಆಮೇಲೆ ತೆರೆದ ಚೇಂಬರಿನ ಮೇಲೆ ಕೈ ಚಾಚಿ ಬಿಟ್ಟುಬಿಟ್ಟಳು.

ಚೆಂಡು ನೀರಿಗೆ ಬಿತ್ತು. ಹರಿಯುವ ನೀರು ಅದನ್ನು ತಿರುಗಿಸಿ ಎಳೆದುಕೊಂಡು ಹೋಗಿ ಪೈಪಿನ ಬಾಯಿಗೆ ಕೂರಿಸಿತು. ಪೈಪಿನ ಬಾಯಿಯೂ ಚೆಂಡಿನಷ್ಟೇ ಅಗಲ. ಗುಡುಗುಡು ಸದ್ದು ನಿಂತಿತು. ಗ್ಯಾಲರಿಯ ಜನವೆಲ್ಲ ವಿರಾಮದಲ್ಲಿ ಪಾಯಖಾನೆಗೆ ಹೋಗಿ ಬರುತ್ತಿದ್ದರು. ಚೇಂಬರಿನಲ್ಲಿ ನೀರು ಏರತೊಡಗಿತು. ಏರಿ ಬಂದದ್ದು ಇಳಿಜಾರು ಹಿಡಿದು ಎಲ್ಲಿಗೆ ಹೋಗುತ್ತದೆ ಎಂಬುದು ಕೆಂಪು ಜಮಖಾನೆ ಹಾಸಿಸಿದವರಿಗೆ ಗೊತ್ತಿತ್ತು.

"ಇದೇನ ಮಾಡಿದಿ ಸುಜಾತಾ?" ವೆಂಕಣ್ಣನವರ ದನಿ ಜನ್ಮದಲ್ಲಿ ಮೊದಲ ಸಲ ಏರಿತ್ತು. "ಈಗಿದನ್ನ ಯಾರು ತಗೀಬೇಕು?"

ಕಸ್ತೂರೆವ್ವ ಮುಂದೆ ಬಂದಳು. ಗಂಡನ ಹಗ್ಗವನ್ನು ವೆಂಕಣ್ಣನವರ ಕಾಲ ಮುಂದೆ ಒಗೆದು ಹೋಗಿ ಗಾಡಿ ಹತ್ತಿದಳು.

"ಗಟಾರಕ್ಕ ಬಿದ್ದ ಚೆಂಡು ನಮ್ಮ ಓಣಿದು. ನಿಮ್ಮದ ರೂಢಿ" ಅಂದಳು ಸುಜಾತಾ. "ನಾವು ಒಯ್ಯಾಕ ಬರಾಂಗಿಲ್ಲ. ನೀವ ಸ್ವಲ್ಪ ನೋಡ್ರಿ, ಕಾಕಾ."

ನವಾಜ ಗಾಡಿ ಬಿಟ್ಟ. ಸುಜಾತಾ ತಮ್ಮನ ಎದೆಯ ಮೇಲೆ ಕೈಯಿಟ್ಟು ಕೂತಳು. ಎದೆ ಏಳುತ್ತಿತ್ತು, ಇಳಿಯುತ್ತಿತ್ತು. ಎಷ್ಟು ಹೊತ್ತು ಏಳುತ್ತದೋ ಅವಳಿಗೆ ತಿಳಿಯದು. ಅಂಕಣದಲ್ಲಿ ಪಂದ್ಯ ನಿಲ್ಲಿಸಲಾಗಿದೆ ಅಂತ ಮೈಕಿನಲ್ಲಿ ಹೇಳುತ್ತಿದ್ದರು. ಹಿಂದಿನ ಗಾಜಿನಲ್ಲಿ ಅವಳಿಗೆ ಚೇಂಬರಿನ ಬಾಯಿ ಕಂಡಿತು. ಕಪ್ಪು ನೀರು ಅಂಚು ದಾಟಿ ಹೊರಗೆ ಕಾಲು ಚಾಚಿತ್ತು. ವೆಂಕಣ್ಣನವರು ಒಂದು ಹೆಜ್ಜೆ ಹಿಂದೆ ಸರಿದರು. ಸೌರಭ ಸರಿದ. ಶಾಂತಯ್ಯ ಯಾವಾಗಲೋ ಜಾಗ ಖಾಲಿ ಮಾಡಿದ್ದ. ಹಗ್ಗ ಬಿದ್ದಲ್ಲೇ ಇತ್ತು. ಯಾರೂ ಮುಟ್ಟಲಿಲ್ಲ.